ಕೊಡೆ ಮೂಲೆ

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಬೀರುವಿನ ಬಾಗಿಲು ತೆರೆದು ನಿಂತ ನಂಜುಂಡಪ್ಪ ಒಂಬತ್ತೂಕಾಲಾದರೂ ಅಲ್ಲೇ ನಿಂತಿದ್ದ. ಒಳಗೆ ಏಳು ಅಂಗಿಗಳು ತೂಗುತ್ತಿದ್ದವು. ಏಳನೆಯದು ನೀಲಿ ಬಣ್ಣದ ಬೇಸ್‌ಬಾಲ್ ಜರ್ಸಿ. ಬೆನ್ನ ಮೇಲೆ ಇಪ್ಪತ್ತೆರಡು ಎಂಬ ಅಂಕೆ, ಎದೆಯ ಮೇಲೆ ಬ್ಯಾಟು ಹಿಡಿದು ಹಲ್ಲು ಕಿರಿಯುವ ಒಂದು ಮಿಂಚುಳ್ಳಿ. ಹಕ್ಕಿಗೆ ಹಲ್ಲೆಲ್ಲಿಂದ ಬಂತು ಎಂದು ಆ ತಂಡದವರು ಕೇಳಿಕೊಂಡಂತಿರಲಿಲ್ಲ. ಅಮೆರಿಕದ ಒಹಾಯೋ ರಾಜ್ಯದ ಡನ್‌ಮೋರ್ ಎಂಬ ಊರಿನ ಕಿಂಗ್‌ಫಿಷರ್ಸ್ ತಂಡದ ಜರ್ಸಿ ಅದು. ಐದು ವರ್ಷದ ಸೇವೆಗೆಂದು ಕಂಪನಿ ಕೊಟ್ಟದ್ದು. ಬೆಂಗಳೂರಿನಲ್ಲಿ ಯೌವನ ಕಳೆದ ನಂಜುಂಡಪ್ಪನಿಗೆ ಆ ಹೆಸರು ಕೇಳಿದಾಗ ಇವತ್ತಿಗೂ ಹಕ್ಕಿಗಿಂತ ಮೊದಲು ಬಾಟಲಿಯೇ ಕಣ್ಣಿಗೆ ಬರುತ್ತಿತ್ತು. ಇವತ್ತು ಮಧ್ಯಾಹ್ನ ಡನ್‌ಮೋರ್‌ನಿಂದಲೇ ಬಂದ ಹೆಂಗಸೊಬ್ಬಳ ಎದುರು ಕೂತು ಊಟ ಮಾಡಬೇಕು. ಜರ್ಸಿ ಹಾಕಿಕೊಂಡರೆ ಕದ್ದ ಸರವನ್ನು ಕೊರಳಿಗೇ ಹಾಕಿಕೊಂಡು ಠಾಣೆಗೆ ಹೋದಂತೆ. ಹಾಕಿಕೊಳ್ಳದಿದ್ದರೆ, ಎರಡು ವರ್ಷ ಆ ಊರಿನ ನೀರು ಕುಡಿದವನು ಇವತ್ತೂ ಹಾಕಿಕೊಳ್ಳಲಿಲ್ಲವಲ್ಲ ಎಂದು ಮ್ಯಾನೇಜರ್ ದೇವದಾಸ್ ಎಲ್ಲರೆದುರು ಕೇಳಿಯೇ ಕೇಳುತ್ತಾನೆ.

ನಂಜುಂಡಪ್ಪ ಡನ್‌ಮೋರ್‌ನಲ್ಲಿ ಎರಡು ವರ್ಷ ಇರಲಿಲ್ಲ. ಎರಡು ದಿನವೂ ಇರಲಿಲ್ಲ. ಮೈಸೂರು, ಬೆಂಗಳೂರು, ಆಮೇಲೆ ಮಲೇಷ್ಯಾದ ಈ ಪುಚೊಂಗಿನ ಹನ್ನೊಂದನೇ ಮಹಡಿ. ನಡುವೆ ಒಂದು ಸಲ ಸಿಂಗಪುರ, ಅದೂ ಮಳೆ ಬಂದು ಹೋಟೆಲಲ್ಲೇ ಕೂತದ್ದು. ಅವನ ಭೂಗೋಳ ಇಷ್ಟೇ.

“ಬಿಳೀದು ಹಾಕ್ಕೊಳ್ಳಿ,” ಎಂದಳು ಭಾನುಮತಿ, ಕನ್ನಡಿಯೆದುರು ಸೆರಗಿಗೆ ಪಿನ್ನು ಚುಚ್ಚುತ್ತ. “ಸುಳ್ಳು ಹೇಳೋರಿಗೆ ಬಿಳೀ ಬಟ್ಟೆನೇ ಚೆನ್ನಾಗಿ ಒಪ್ಪೋದು. ನಮ್ಮ ಕಡೆ ಎಮ್ಮೆಲ್ಲೆಗಳನ್ನ ನೋಡಿಲ್ವಾ?”

“ಮೆತ್ತಗೆ ಮಾತಾಡೇ. ಗಾನವಿ ಇದ್ದಾಳೆ.”

ಹೆದರಿಕೆ ಇದ್ದದ್ದು ಅಲ್ಲೇ. ದೇವದಾಸನಿಗೆ ಗೊತ್ತಾದರೆ ನಕ್ಕಾನು, ಇಲ್ಲವೇ ಎರಡು ದಿನ ಮುಖ ಊದಿಸಿಕೊಂಡಾನು. ಹೆಂಡತಿಗೆ ಮೊದಲಿಂದಲೂ ಗೊತ್ತು. ಅವಳು ಅದನ್ನು ಗಂಡನ ಗೊರಕೆಯ ಸಾಲಿಗೆ ಸೇರಿಸಿ ಸುಮ್ಮನಾಗಿದ್ದಳು. ಆದರೆ ಹದಿಮೂರು ವರ್ಷದ ಮಗಳು, ಮೂರು ವರ್ಷದ ಹಿಂದೆ, ‘ನನ್ನ ತಂದೆಯ ನಗರ’ ಎಂಬ ಶಾಲೆಯ ಪ್ರಾಜೆಕ್ಟಿಗೆ ಕಿಂಗ್‌ಫಿಷರ್ಸ್ ಮೈದಾನವನ್ನೇ ರಟ್ಟಿನಲ್ಲಿ ಕತ್ತರಿಸಿ ನಿಲ್ಲಿಸಿದ್ದಳು. ನಾಲ್ಕು ಗೇಟು, ಇಪ್ಪತ್ತಾರು ವಿಭಾಗ, ಆಟಗಾರರಿಗೆ ಬಟಾಣಿ ಕಾಳು. ಮೂರು ರಾತ್ರಿ ಪಕ್ಕದಲ್ಲಿ ಕೂತು ಗೋಂದು ಹಚ್ಚಿಕೊಟ್ಟವನು ಅವನೇ. ಮೊದಲನೇ ಬಹುಮಾನ ಬಂತು. ಅದರ ಫಲಕ ಟಿವಿಯ ಪಕ್ಕ ಇವತ್ತಿಗೂ ಇದೆ. ಧೂಳು ಒರೆಸುವ ಸರದಿ ಬಂದಾಗ ಅವನು ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಒರೆಸುತ್ತಾನೆ. ಕೊನೆಗೆ ಅವನು ಬಿಳಿ ಅಂಗಿಯನ್ನೇ ಹಾಕಿಕೊಂಡ.

ಊಟಕ್ಕೆ ಗೊತ್ತುಮಾಡಿದ್ದ ಬಾಂಗ್ಸಾರಿನಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕುವುದು ಹೆಣ್ಣು ಹುಡುಕುವುದಕ್ಕಿಂತ ಕಷ್ಟವಾದ್ದರಿಂದ ಮೂವರೂ ರೈಲು ಹಿಡಿದರು. ಪುತ್ರ ಹೈಟ್ಸ್‌ನಲ್ಲಿ ಇಳಿದು ಇನ್ನೊಂದು ಹತ್ತಿದರು. ಮಗಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಿಟಕಿಗೆ ಹಣೆಯಿಟ್ಟಳು. ನಂಜುಂಡಪ್ಪ ಕಣ್ಣು ಮುಚ್ಚಿ ಡನ್‌ಮೋರ್‌ನಲ್ಲಿ ಇಳಿದ. ಅಲ್ಲಿಗೆ ಅವನು ದಿನಾ ಹೋಗುತ್ತಿದ್ದ, ಒಂಬತ್ತು ವರ್ಷದಿಂದ, ಸೈಬರ್‌ಜಯಾದ ಆಫೀಸಿನ ನಾಲ್ಕನೇ ಮಹಡಿಯಿಂದ. ಆ ಊರಿನ ಮೂರು ತಂಡ, ನಾಲ್ಕು ಕ್ರೀಡಾಂಗಣಗಳ ಟಿಕೆಟ್ ಕೊಂಡವರು ಕಂಪ್ಯೂಟರಿನಲ್ಲಿ ಏನು ಕೇಳಿ ಟೈಪು ಮಾಡಿದರೂ ಉತ್ತರಿಸುವುದು ಅವನ ಕೆಲಸ. ಅಲ್ಲಿ ಅವನ ಹೆಸರು ನೇಟ್. ಸಂಜೆ ಏಳಕ್ಕೆ ಅಲ್ಲಿ ಆಟ ಶುರುವಾದರೆ ಇಲ್ಲಿ ಬೆಳಿಗ್ಗೆ ಏಳು. ಬೇಸಿಗೆಯಲ್ಲಿ ಸರಿಯಾಗಿ ಹನ್ನೆರಡು ಗಂಟೆಯ ವ್ಯತ್ಯಾಸವಾದ್ದರಿಂದ ಆಫೀಸಿನ ಗೋಡೆಯ ಮೇಲೆ ‘ಮಲೇಷ್ಯಾ’ ಮತ್ತು ‘ಡನ್‌ಮೋರ್’ ಎಂದು ಬರೆದ ಎರಡು ಗಡಿಯಾರಗಳು ಒಂದೇ ಸಮಯ ತೋರಿಸುತ್ತಿದ್ದವು. ಒಂದನ್ನು ತೆಗೆಯಬಹುದೇ ಎಂಬ ಬಗ್ಗೆ ಒಂದು ಮೀಟಿಂಗೂ ನಡೆದು ತೀರ್ಮಾನವಾಗದೆ ಮುಗಿದಿತ್ತು. ಇಪ್ಪತ್ತೊಂದನೇ ವಿಭಾಗದ ಹತ್ತನೇ ಸಾಲಿಗೆ ಬಿಸಿಲು ಬೀಳುತ್ತದೆಯೇ ಎಂದು ಯಾರಾದರೂ ಕೇಳಿದರೆ ನೇಟ್ ಬರೆಯುತ್ತಿದ್ದ: ಏಳೂವರೆ ತನಕ ಟೋಪಿ ಬೇಕು, ಆಮೇಲೆ ಗಡಿಯಾರದ ಗೋಪುರದ ನೆರಳು ಬರುತ್ತದೆ. ನಕ್ಷೆ, ಸೂರ್ಯಾಸ್ತದ ಸಮಯ, ಗೋಪುರದ ಎತ್ತರ ಇಟ್ಟುಕೊಂಡು ಕಾಗದದ ಮೇಲೆ ಗೆರೆ ಎಳೆದು ಕಂಡುಹಿಡಿದದ್ದು. ಐಸ್‌ಹಾಕಿ ಆಟ ನಡೆಯುವ ಒಳಾಂಗಣಕ್ಕೆ ಅವನ ಕಾಲದಲ್ಲೇ ಮೂರು ಹೆಸರಾಗಿತ್ತು; ಮೊದಲು ಒಂದು ಬ್ಯಾಂಕು ದುಡ್ಡು ಕೊಟ್ಟು ತನ್ನ ಹೆಸರಿಟ್ಟಿತು, ಆಮೇಲೆ ವಿಮೆಯವರು, ಈಗ ಹಾಸಿಗೆ ಮಾರುವವರು. ಊರಿನವರು ಮಾತ್ರ ಅದನ್ನು ‘ಕೊಟ್ಟಿಗೆ’ ಎಂದೇ ಕರೆಯುತ್ತಾರೆ, ಅವರಜ್ಜಂದಿರ ಕಾಲದಲ್ಲಿ ಅಲ್ಲಿ ದನ ಕಟ್ಟುತ್ತಿದ್ದರಂತೆ. ಇದು ಅವನಿಗೆ ಯಾರೂ ಹೇಳಿಕೊಡದೆ ಅರ್ಥವಾಗಿತ್ತು. ಟಾಕೀಸು ಇಲ್ಲವಾದ ಮೇಲೂ ಮೆಜೆಸ್ಟಿಕ್ಕು ಮೆಜೆಸ್ಟಿಕ್ಕೇ ಅಲ್ಲವೇ?

ಸುಳ್ಳನ್ನು ಅವನು ಬಾಯಿಬಿಟ್ಟು ಹೇಳಿದ್ದೂ ಅಲ್ಲ. ಈ ಒಂದು ಅಂಶವನ್ನು ಅವನು ಮನಸ್ಸಿನ ನ್ಯಾಯಾಲಯದಲ್ಲಿ ನೂರಾರು ಸಲ ಮಂಡಿಸಿದ್ದ. ಸಂದರ್ಶನದ ಹಿಂದಿನ ದಿನ ಪೂರ್ತಿ ಆ ಊರಿನ ಮೈದಾನಗಳ ನಕ್ಷೆ ಬಾಯಿಪಾಠ ಮಾಡಿ ಹೋಗಿದ್ದ. ಯಾವ ಗೇಟಿನಿಂದ ಯಾವ ಬಸ್ಸು ಎಂಬುದನ್ನೂ ಹೇಳಿದಾಗ ದೇವದಾಸ್ ಬೆರಗಾಗಿ, ಅಲ್ಲಿ ಒಂದೆರಡು ವರ್ಷ ಇದ್ದಿರಾ ಬ್ರದರ್, ಎಂದು ಕೇಳಿದ. ನಂಜುಂಡಪ್ಪ ತಲೆಯಾಡಿಸಿದ. ನಮ್ಮ ಕಡೆ ಆಡಿಸುವ ಹಾಗೆ, ಎಡಕ್ಕೂ ಬಲಕ್ಕೂ ತೂಗಿ; ಹೌದು ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ, ನೀವು ಕೇಳಿದ್ದು ಕೇಳಿಸಿತು ಎಂಬಷ್ಟೇ ಅರ್ಥದಲ್ಲಿ. ದೇವದಾಸನ ಅಜ್ಜಿಯೂ ಕುಂಭಕೋಣದ ಕಡೆಯವಳಾದ್ದರಿಂದ ಅವನಿಗೆ ಇದು ತಿಳಿಯಬೇಕಿತ್ತು. ಆದರೆ ಮೂರು ತಲೆಮಾರು ಮಲೇಷ್ಯಾದಲ್ಲಿ ಬೆಳೆದವನು, ಹೌದು ಎಂದೇ ಬರೆದುಕೊಂಡ. ಆಮೇಲೆ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಯಾರೋ ಮೈಕು ಹಿಡಿದು, ಅಮೆರಿಕದಲ್ಲೂ ನೆಲೆಸಿ ಬಂದ ನಮ್ಮ ನಂಜುಂಡಪ್ಪನವರು, ಎಂದಾಗ ಎದ್ದು ಕೈ ಮುಗಿಯುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಒಂದು ಸಲ ಕೈ ಮುಗಿದ ಮೇಲೆ ಮುಗಿಯಿತು.

ಬಾಳೆಎಲೆ ಊಟದ ಹೋಟೆಲಿನ ಬಾಗಿಲಲ್ಲೇ ದೇವದಾಸ್ ಸಿಕ್ಕ. ಅವನ ಪಕ್ಕದಲ್ಲಿದ್ದ ಡಾರ್ಲೀನ್, ಅರವತ್ತರ ಆಸುಪಾಸಿನ, ಬಿಸಿಲಿಗೆ ಟೊಮೇಟೊ ಆಗಿದ್ದ, ಎಲ್ಲವನ್ನೂ ನೋಡಿ ಸಂತೋಷಪಡುವ ಹೆಂಗಸು. ಡನ್‌ಮೋರ್‌ನ ಟಿಕೆಟ್ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ದುಡಿದು, ನಿವೃತ್ತಿಗೆ ಮುಂಚೆ ಒಂದು ಸಲ ಈ ಸೈಬರ್‌ಜಯಾದವರ ಮುಖ ನೋಡೋಣವೆಂದು ಬಂದಿದ್ದಳು. “ಇವನೇ ನಮ್ಮ ಡನ್‌ಮೋರ್ ಹುಡುಗ,” ಎಂದು ದೇವದಾಸ್ ಬೆನ್ನು ತಟ್ಟಿದ. ನಲವತ್ತೇಳು ವರ್ಷದ ಹುಡುಗ ನಕ್ಕ. ಜರ್ಸಿ ಎಲ್ಲಿ ಎಂಬ ಪ್ರಶ್ನೆಯೂ ಬಂತು. ಒಗೆಯಲು ಹಾಕಿದೆ ಎಂದು ಭಾನುಮತಿ ಅವನಿಗಿಂತ ಮುಂಚೆ ಹೇಳಿ, ತಾನೇ ಅಚ್ಚರಿಗೊಂಡವಳಂತೆ ಮೂಗಿನ ಬೊಟ್ಟು ಮುಟ್ಟಿಕೊಂಡಳು.

ಎಲೆ ಹಾಕಿದರು, ನೀರು ಚಿಮುಕಿಸಿದರು. ಡಾರ್ಲೀನ್ ಅನ್ನಕ್ಕೆ ಕೈ ಹಾಕಲು ಕಲಿಯುತ್ತ, ಅವನು ಇದ್ದದ್ದು ಯಾವ ಬೀದಿಯಲ್ಲಿ ಎಂದು ಸಹಜವಾಗಿ ಕೇಳಿದಳು. ಕ್ಲೋವರ್ ಬೀದಿ, ಎಂದ ನಂಜುಂಡಪ್ಪ. ಮೈದಾನದ ಮೂರನೇ ಗೇಟಿನ ಎದುರು ಇರುವುದು, ಎಷ್ಟು ಸಲ ಜನರನ್ನು ಅದರೊಳಗಿಂದ ನಡೆಸಿಕೊಂಡು ಹೋಗಿದ್ದನೋ ಲೆಕ್ಕವಿಲ್ಲ. ಅಲ್ಲಿ ಬರೀ ಗೋದಾಮುಗಳಲ್ಲವೇ ಎಂದು ಅವಳ ಹುಬ್ಬು ಮೇಲೇರಿತು. ಸಾರಿನ ಬಿಸಿಯೋ ಏನೋ, ಅವನ ಕಿವಿಯ ಹಿಂದೆ ಬೆವರು ಒಡೆಯಿತು. ಅಷ್ಟರಲ್ಲಿ ಅವಳೇ, ಓ, ಗೋದಾಮಿನ ಮೇಲೆ ಮನೆಗಳನ್ನು ಮಾಡಿದ್ದರಲ್ಲ ಅಲ್ಲಿರಬೇಕು, ಎಂದು ಅವನಿಗೊಂದು ಮನೆ ಕೊಟ್ಟಳು. ಸುಳ್ಳು ಹೇಳುವವನ ಅರ್ಧ ಕೆಲಸವನ್ನು ಕೇಳುವವರೇ ಮಾಡಿಕೊಡುತ್ತಾರೆ. ಇದು ಅವನಿಗೆ ಒಂಬತ್ತು ವರ್ಷದಿಂದ ಗೊತ್ತಿದ್ದ ಸತ್ಯ. ಹಾಗಾದರೆ ಆ ಚಳಿಗಾಲದ ಹಿಮ ನೆನಪಿರಬೇಕು, ಎಂದು ಅವಳು ಮುಂದುವರಿಸಿದಳು, ಕ್ಲೋವರ್ ಬೀದಿಯ ಇಳಿಜಾರಿನಲ್ಲಿ ಕಾರುಗಳು ಆನೆಗಳ ಹಾಗೆ ಜಾರಿ ಬಂದದ್ದು. ನಂಜುಂಡಪ್ಪ ಕೈಲಿದ್ದ ಹಪ್ಪಳವನ್ನು ನೋಡಿದ. ಅವನ ಡನ್‌ಮೋರ್‌ನಲ್ಲಿ ಒಂದು ಚೂರೂ ಹಿಮ ಬಿದ್ದಿರಲಿಲ್ಲ. ಬೀದಿ ಬೀದಿಯ ಚಿತ್ರ ತೆಗೆದು ಇಂಟರ್ನೆಟ್ಟಿಗೆ ಹಾಕುವ ಸ್ಟ್ರೀಟ್ ವ್ಯೂದ ಕ್ಯಾಮೆರಾ ಹೊತ್ತ ಕಾರು ಆ ಊರಿಗೆ ಬಂದದ್ದು ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ. ಅದರಿಂದಾಗಿ ಅವನ ಊರಿನಲ್ಲಿ ಯಾವಾಗಲೂ ಆಗಸ್ಟ್, ಯಾವಾಗಲೂ ಮಧ್ಯಾಹ್ನ. ಮರಗಳಿಂದ ಎಲೆ ಉದುರುವುದಿಲ್ಲ, ಯಾರೂ ಸ್ವೆಟರು ಹಾಕುವುದಿಲ್ಲ. ಅಲ್ಲಿ ಇಳಿಜಾರು ಇದೆ ಎನ್ನುವುದೇ ಗೊತ್ತಿರಲಿಲ್ಲ, ಚಿತ್ರದಲ್ಲಿ ರಸ್ತೆ ಎಲ್ಲ ಮಟ್ಟಸವಾಗಿಯೇ ಕಾಣುತ್ತದೆ. ಅವನು ತಲೆಯಾಡಿಸಿದ. ಅದೇ ತಲೆ, ಅದೇ ತೂಗು. ಎದುರು ಕೂತ ಗಾನವಿ ಒಂದು ಇಯರ್‌ಫೋನ್ ತೆಗೆದು ಅಪ್ಪನನ್ನೇ ನೋಡುತ್ತಿದ್ದಳು.

ಆಮೇಲೆ ಡಾರ್ಲೀನ್ ಒಂದು ಸಂಗತಿ ಹೇಳಿದಳು. ನಿಮ್ಮ ಬೀದಿಯ ತುದಿಯಲ್ಲೇ, ಅಂಬ್ರೆಲಾ ಕಾರ್ನರ್ ಗೊತ್ತಲ್ಲ, ಅಲ್ಲಿ ಬರುವ ಏಪ್ರಿಲ್‌ನಲ್ಲಿ ಕಂಚಿನ ಕೊಡೆ ನಿಲ್ಲಿಸುತ್ತಾರೆ.

ನಂಜುಂಡಪ್ಪ ಕಲಸಿದ ತುತ್ತನ್ನು ಎಲೆಯ ಮೇಲೆ ಬಿಟ್ಟ.

ಊರಲ್ಲಿ ಎಲ್ಲರೂ ಆಟಕ್ಕೆ ಮುಂಚೆ ಸೇರುವುದು ಅಲ್ಲೇ, ಎಂದಳು ಅವಳು. ತನ್ನ ಮಗ ತನ್ನ ಸೊಸೆಯನ್ನು ಮೊದಲ ಸಲ ಕಾದು ನಿಂತದ್ದೂ ಅಲ್ಲಿ. ಆದರೆ ಅಲ್ಲಿ ಕೊಡೆಯೂ ಇಲ್ಲ, ಕೊಡೆಯಂಗಡಿಯೂ ಇಲ್ಲ. ಯಾಕೆ ಆ ಹೆಸರು ಎಂದು ಜನ ಕಿತ್ತಾಡುತ್ತಿದ್ದರು. ಕೊನೆಗೆ ಇತಿಹಾಸದ ಮೇಷ್ಟ್ರೊಬ್ಬರು ಪತ್ತೆ ಮಾಡಿದ್ದಾರೆ: ನೂರು ವರ್ಷದ ಹಿಂದೆ ಅಲ್ಲಿ ಕೊಡೆ ರಿಪೇರಿ ಮಾಡುವ ಇಟಲಿಯವನೊಬ್ಬ ಕೂರುತ್ತಿದ್ದನಂತೆ, ಮಳೆ ಬಂದರೆ ಮಕ್ಕಳನ್ನು ಕೊಡೆಯಡಿ ರಸ್ತೆ ದಾಟಿಸುತ್ತಿದ್ದನಂತೆ. ಕಂಚಿನ ಫಲಕದ ಮೇಲೆ ಅದನ್ನೇ ಕೆತ್ತಿಸುತ್ತಿದ್ದಾರೆ.

ಒಂಬತ್ತು ವರ್ಷದ ಹಿಂದಿನ ಮಾತು, ನಂಜುಂಡಪ್ಪ ಕೆಲಸಕ್ಕೆ ಸೇರಿ ಮೂರು ತಿಂಗಳೂ ಆಗಿರಲಿಲ್ಲ. ಒಬ್ಬ ಗಂಡಸು, ಅವನ ಹೆಂಡತಿ, ಹೆಂಡತಿಯ ಅಣ್ಣ, ಮೂವರೂ ಮೂರು ಗೇಟಿನ ಮುಂದೆ ನಿಂತು, ನಾನು ಮುಂದಿನ ಗೇಟಿನಲ್ಲಿದ್ದೇನೆ ಎಂದು ಒಬ್ಬರಿಗೊಬ್ಬರು ಫೋನಿನಲ್ಲಿ ಕೂಗಾಡುತ್ತಿದ್ದರು; ಕೊನೆಗೆ ಗಂಡಸು ನೇಟ್‌ಗೆ ಬರೆದಿದ್ದ: ಎಲ್ಲಿ ಸೇರೋದು ಮಾರಾಯ, ಒಂದು ಜಾಗ ಹೇಳು. ನಂಜುಂಡಪ್ಪನ ಪರದೆಯ ಮೇಲೆ ಕ್ಲೋವರ್ ಬೀದಿಯ ತುದಿ ತೆರೆದಿತ್ತು. ಅಲ್ಲಿ ನೀಲಿ ಅಂಚೆಪೆಟ್ಟಿಗೆ, ಅದರ ಪಕ್ಕ ಒಬ್ಬ ಮನುಷ್ಯ ಸುಡುವ ಬಿಸಿಲಲ್ಲಿ ಕರಿ ಕೊಡೆ ಬಿಚ್ಚಿ ಹಿಡಿದು ನಿಂತಿದ್ದ. ಮೊದಲ ದಿನದಿಂದಲೂ ಇವನಿಗೆ ಅವನ ಮೇಲೆ ಕಣ್ಣು. ಅಮೆರಿಕದವರು ಬಿಸಿಲಿಗೆ ಅಂಗಿ ಬಿಚ್ಚುತ್ತಾರೆಯೇ ಹೊರತು ಕೊಡೆ ಬಿಚ್ಚುವುದಿಲ್ಲ. ನಮ್ಮ ಕಡೆಯವನೇ ಯಾರೋ, ದೇವರಾಜ ಮಾರ್ಕೆಟ್ಟಿಗೆ ಹೊರಟವನು ದಾರಿ ತಪ್ಪಿ ಒಹಾಯೋ ಸೇರಿದ ಹಾಗಿತ್ತು. ಬೆಳಿಗ್ಗೆ ಬಂದು ಪರದೆ ತೆರೆದರೆ ಅವನು ಅಲ್ಲೇ, ಮಧ್ಯಾಹ್ನ ಮುಚ್ಚುವಾಗಲೂ ಅಲ್ಲೇ. ಆ ಊರಿನ ಗೋಪುರ, ಗೇಟು, ಗೋದಾಮುಗಳಷ್ಟೇ ಅವನೂ ಸ್ಥಿರ. ಬೆರಳು ತಾನಾಗಿ ಬರೆದುಬಿಟ್ಟಿತು: ಅಂಬ್ರೆಲಾ ಕಾರ್ನರಿನಲ್ಲಿ ಸೇರಿ, ನೀಲಿ ಅಂಚೆಪೆಟ್ಟಿಗೆಯ ಹತ್ತಿರ. ಕಳಿಸಿದ ಮೇಲೆ ಹಿಂತೆಗೆಯಲು ಗುಂಡಿ ಹುಡುಕಿದ. ಆದರೆ ಆ ಗಂಡಸು, ಹೌದಲ್ಲ, ಥ್ಯಾಂಕ್ಸ್ ನೇಟ್, ಎಂದು ಬರೆದ. ತನ್ನದೇ ಊರಿನ ಪ್ರಸಿದ್ಧ ಜಾಗ ತನಗೆ ಗೊತ್ತಿಲ್ಲ ಎಂದು ಯಾರು ತಾನೆ ಒಪ್ಪುತ್ತಾರೆ? ನಂಜುಂಡಪ್ಪ ಅದನ್ನು ಸಿದ್ಧ ಉತ್ತರಗಳ ಕಡತಕ್ಕೆ ಸೇರಿಸಿದ. ಪಾಳಿಯ ಹನ್ನೆರಡೂ ಜನ ಅದನ್ನೇ ನಕಲು ಮಾಡಿದರು. ಒಂಬತ್ತು ಬೇಸಿಗೆ, ಎಷ್ಟು ಸಾವಿರ ಜನರನ್ನು ಸೈಬರ್‌ಜಯಾದಿಂದ ಅಟ್ಟಿ ಆ ಮೂಲೆಯಲ್ಲಿ ನಿಲ್ಲಿಸಿದರೋ. ಮರುವರ್ಷವೂ ಆಗಸ್ಟಿನಲ್ಲೇ ಕ್ಯಾಮೆರಾದ ಕಾರು ಮತ್ತೆ ಬಂದು ಹೊಸ ಚಿತ್ರ ಹಾಕಿದಾಗ ಕೊಡೆಯವನು ಇರಲಿಲ್ಲ. ಅವತ್ತು ಇವನಿಗೆ ಮಧ್ಯಾಹ್ನದ ಊಟ ಸೇರಿರಲಿಲ್ಲ.

ಈಗಲೂ ಸೇರುತ್ತಿರಲಿಲ್ಲ. ಬಡಿಸುವವನು ಬಂದು ಅವನ ಅನ್ನದ ಮೇಲೆ ರಸ ಸುರಿದು ಹೋದ. ಸುಮ್ಮನಿದ್ದರೆ ಆಯಿತು, ಡಾರ್ಲೀನ್ ನಾಡಿದ್ದು ವಿಮಾನ ಹತ್ತುತ್ತಾಳೆ, ಟಿವಿಯ ಪಕ್ಕದ ಫಲಕ ಹಾಗೇ ಇರುತ್ತದೆ. ಬಾಯಿಬಿಟ್ಟರೆ, ಆ ಮೂಲೆ ತನ್ನದು ಎಂದು ಹೇಳಬೇಕಾದರೆ, ಆ ಊರನ್ನು ಚಿತ್ರದಲ್ಲಿ ಬಿಟ್ಟು ನೋಡಿಲ್ಲ ಎಂದೂ ಹೇಳಬೇಕು. ಒಂದು ಬಿಟ್ಟು ಇನ್ನೊಂದಿಲ್ಲ. ಮಗಳು ಎದುರಿಗೇ ಕೂತಿದ್ದಾಳೆ. ಆದರೆ ಇಟಲಿಯವನಂತೆ! ಮಳೆಯಂತೆ! ಅಲ್ಲಿ ಮಳೆಯೇ ಇರಲಿಲ್ಲ, ಕಣ್ಣು ಕುಕ್ಕುವ ಬಿಸಿಲು. ಒಂಬತ್ತು ವರ್ಷದಲ್ಲಿ ನೇಟ್ ತಪ್ಪು ಮಾಹಿತಿ ಕೊಟ್ಟ ಎಂದು ಒಂದು ದೂರು ಬಂದಿರಲಿಲ್ಲ. ತನ್ನ ಬಗ್ಗೆ ಬಿಟ್ಟರೆ ಆ ಊರಿನ ಬಗ್ಗೆ ಅವನು ಯಾವತ್ತೂ ಸುಳ್ಳು ಹೇಳಿದವನಲ್ಲ. ಇನ್ನೊಬ್ಬರ ಸುಳ್ಳನ್ನು ಕಂಚಿನಲ್ಲಿ ಕೆತ್ತುವುದನ್ನು ನೋಡಿಕೊಂಡು ರಸ ಕುಡಿಯಲು ಅವನಿಂದ ಆಗಲಿಲ್ಲ.

“ಆ ಹೆಸರು ನಾನು ಇಟ್ಟದ್ದು,” ಎಂದ ಅವನು ಇಂಗ್ಲಿಷಿನಲ್ಲಿ, ನಿಧಾನವಾಗಿ. “ನಾನು ನಿಮ್ಮ ಊರಿಗೆ ಬಂದೇ ಇಲ್ಲ, ಮೇಡಂ. ಒಂದು ದಿನವೂ. ಚಿತ್ರದಲ್ಲಿ ಒಬ್ಬ ಕೊಡೆ ಹಿಡಿದು ನಿಂತಿದ್ದ, ಅದನ್ನು ನೋಡಿ ಬರೆದೆ.”

ಭಾನುಮತಿಯ ಕೈ ಪಲ್ಯದ ಮೇಲೆ ನಿಂತಿತು. ದೇವದಾಸನ ಬಾಯಿ ತೆರೆದುಕೊಂಡಿತು. ಗಾನವಿ ಎರಡನೇ ಇಯರ್‌ಫೋನನ್ನೂ ತೆಗೆದಳು. ಡಾರ್ಲೀನ್ ಅವನ ಮುಖವನ್ನು ದಿಟ್ಟಿಸಿ ನೋಡಿದಳು. ನೋಡುತ್ತ ನೋಡುತ್ತ ಅವಳ ಭುಜ ಕುಲುಕತೊಡಗಿತು, ಆಮೇಲೆ ಮೇಜೂ ಕುಲುಕಿತು. ಅಬ್ಬಾ, ಎಂದಳು ಅವಳು ಕಣ್ಣೊರೆಸಿಕೊಳ್ಳುತ್ತ, ಮುಖದ ಒಂದು ಗೆರೆ ಅಲ್ಲಾಡದ ಹಾಗೆ ಇಂಥದ್ದನ್ನು ಹೇಳುವುದು ಡನ್‌ಮೋರ್‌ನವರು ಮಾತ್ರ. ಇನ್ನು ಯಾವ ಪುರಾವೆಯೂ ಬೇಡ, ನೀನು ನಮ್ಮವನೇ. ಅವನು ಮತ್ತೆ ಹೇಳಲು ಹೋದ. ಅವಳು ಸಾರು ಮೆತ್ತಿದ ಕೈಯಿಂದಲೇ ತಡೆದು, ತನ್ನ ಅಜ್ಜನೇ ಆ ಮೂಲೆಯನ್ನು ಹಾಗೆ ಕರೆಯುತ್ತಿದ್ದ, ತನಗೆ ಚೆನ್ನಾಗಿ ನೆನಪಿದೆ, ಎಂದಳು. ಅವಳ ದನಿಯಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಸತ್ತ ಅಜ್ಜನ ಬಾಯಿಂದ ಆ ಮಾತನ್ನು ಕಿತ್ತುಕೊಳ್ಳಲು ನಂಜುಂಡಪ್ಪ ಯಾರು? “ಜೋಕರ್ ಲಾ, ಇವನು,” ಎಂದು ದೇವದಾಸನೂ ಸಮಾಧಾನದ ಉಸಿರು ಬಿಟ್ಟು ಇನ್ನೊಂದು ಸುತ್ತು ಹಪ್ಪಳ ತರಿಸಿದ. ಊಟ ಚೆನ್ನಾಗಿತ್ತೆಂದು ತೋರಿಸಲು ಎಲೆಯನ್ನು ತನ್ನ ಕಡೆಗೆ ಮಡಚಬೇಕು ಎಂದು ಭಾನುಮತಿ ಡಾರ್ಲೀನ್‌ಗೆ ಕಲಿಸಿಕೊಟ್ಟಳು. ನಂಜುಂಡಪ್ಪನೂ ಮಡಚಿದ, ತಿನ್ನದ ಅನ್ನ ಒಳಗೇ ಇಟ್ಟು.

ವಾಪಸು ರೈಲಿನಲ್ಲಿ ಭಾನುಮತಿ ಎರಡು ಸ್ಟೇಷನ್ ದಾಟುವಷ್ಟರಲ್ಲಿ ನಿದ್ದೆ ಹೋದಳು. ನಿದ್ದೆಯೋ, ಅಪ್ಪ-ಮಗಳಿಗೆ ಮಾತಾಡಲು ಬಿಟ್ಟುಕೊಟ್ಟ ಜಾಗವೋ, ಹದಿನಾರು ವರ್ಷದ ಸಂಸಾರದಲ್ಲೂ ಅವನಿಗೆ ಅದರ ಗುಟ್ಟು ತಿಳಿದಿರಲಿಲ್ಲ. ಗಾನವಿ ಫೋನಿನಲ್ಲಿ ಮುಳುಗಿದ್ದಳು. ಸತ್ಯ ಹೇಳಿದರೆ ಎದೆ ಹಗುರಾಗುತ್ತದೆ ಎಂದು ಕೇಳಿದ್ದ. ಇವನ ಸತ್ಯವನ್ನು ಯಾರೂ ತೆಗೆದುಕೊಳ್ಳದೆ ಹಿಂದಿರುಗಿಸಿದ್ದರಿಂದ ಅದು ಚೀಲದಲ್ಲಿ ಮನೆಗೇ ಬರುತ್ತಿತ್ತು, ಇಲ್ಲಿಯವರ ಮಾತಿನಲ್ಲಿ ತಪಾವು ಮಾಡಿಸಿದ, ಅಂದರೆ ಹೋಟೆಲಿನಿಂದ ಕಟ್ಟಿಸಿಕೊಂಡು ಬಂದ ಮಿಕ್ಕ ಊಟದ ಹಾಗೆ. ತೆಗೆದುಕೊಂಡವಳು ಮಗಳೊಬ್ಬಳೇ ಎಂದು ಅವನಿಗೆ ಗೊತ್ತಿತ್ತು. ಸುಬಾಂಗ್ ಸ್ಟೇಷನ್ ದಾಟಿತು.

“ಸೋ, ಯು ನೆವರ್ ವೆಂಟ್,” ಎಂದಳು ಗಾನವಿ, ತಲೆ ಎತ್ತದೆ. ಕನ್ನಡ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷು.

“ಇಲ್ಲ ಮರಿ.”

“ಮೈ ಪ್ರಾಜೆಕ್ಟ್?”

“ಅದರಲ್ಲಿ ಒಂದೂ ತಪ್ಪಿಲ್ಲ ಕಣೆ. ಗೇಟು, ಸೀಟು, ಎಲ್ಲ ನೂರಕ್ಕೆ ನೂರು ಸರಿ.” ತುಸು ತಡೆದು, “ಹೆಡ್ಡಿಂಗ್ ಒಂದು ಬಿಟ್ಟು,” ಎಂದ.

ಅವಳ ಬೆರಳು ಫೋನಿನ ಮೇಲೆ ಓಡುತ್ತಲೇ ಇತ್ತು. ಅವನು ಕಿಟಕಿಯಾಚೆ ಎಣ್ಣೆತಾಳೆಗಳನ್ನು, ಕಾರು ತೊಳೆಯುವ ಶೆಡ್ಡುಗಳನ್ನು ನೋಡಿದ. ಇಲ್ಲಿ ಹನ್ನೆರಡು ವರ್ಷ ಇದ್ದೂ ಈ ಯಾವ ಮೂಲೆಗೂ ಅವನು ಹೆಸರಿಟ್ಟಿರಲಿಲ್ಲ. ಆಗ ಮೊಣಕೈಗೆ ಏನೋ ತಗುಲಿತು. ಮಗಳು ಫೋನನ್ನು ಅವನ ಮೂಗಿನ ಹತ್ತಿರ ಹಿಡಿದಿದ್ದಳು. ಹಳೆಯ ವರ್ಷಗಳ ಚಿತ್ರಕ್ಕೆ ಹಿಂದೆ ಹೋಗುವ ದಾರಿ ಸ್ಟ್ರೀಟ್ ವ್ಯೂದಲ್ಲಿದೆ ಎಂಬುದು, ದಿನಕ್ಕೆ ಎಂಟು ಗಂಟೆ ಅದನ್ನೇ ನೋಡಿದ ಅವನಿಗೆ ಗೊತ್ತಿರಲಿಲ್ಲ. ಕ್ಲೋವರ್ ಬೀದಿಯ ತುದಿ. ಆಗಸ್ಟ್. ನೀಲಿ ಅಂಚೆಪೆಟ್ಟಿಗೆ. ಅದರ ಪಕ್ಕದಲ್ಲಿ, ಬಿಸಿಲಲ್ಲಿ, ಕರಿ ಕೊಡೆ ಬಿಚ್ಚಿಕೊಂಡು ಆ ಕೊಡೆಯವನು ನಿಂತಿದ್ದ. ಕ್ಯಾಮೆರಾದವರ ಪದ್ಧತಿಯಂತೆ ಮುಖವನ್ನು ಮಸುಕು ಮಾಡಿದ್ದರು. ಹೊಟ್ಟೆ ಸ್ವಲ್ಪ ಮುಂದೆ, ಬಿಳಿ ಅಂಗಿ.

“ಅಪ್ಪ,” ಎಂದಳು ಗಾನವಿ, ತಪ್ಪು ತಪ್ಪು ಉಚ್ಚಾರದ, ಆದರೆ ಪೂರ್ತಿ ಕನ್ನಡದಲ್ಲಿ. “ಮುಖ ಹೇಗಿದ್ರೂ ಕಾಣ್ಸಲ್ಲ. ಇದು ನಾನೇ ಅಂತ ತೋರ್ಸಿದ್ರೆ ಮುಗೀತಿತ್ತಲ್ಲ.”

ನಂಜುಂಡಪ್ಪ ಫೋನು ತೆಗೆದುಕೊಂಡು, ಕನ್ನಡಕ ಹಣೆಗೇರಿಸಿ, ಬಹಳ ಹೊತ್ತು ನೋಡಿದ. ಅಂಗಿ ಹೌದು, ಹೊಟ್ಟೆಯೂ ಹೌದು. ಯಾರು ನೋಡಿದರೂ ಹೌದೆನ್ನುತ್ತಿದ್ದರು. ಅವನ ತಲೆ ತನ್ನಷ್ಟಕ್ಕೇ ಎಡಕ್ಕೆ ಬಲಕ್ಕೆ ತೂಗಲು ಶುರುವಾದದ್ದು ಅರ್ಧಕ್ಕೆ ನಿಂತಿತು.

“ಇಲ್ಲ ಕಣೆ,” ಎಂದು ಅವನು ಫೋನು ಹಿಂದಕ್ಕೆ ಕೊಟ್ಟ. “ಇವರು ಎಡಗೈಲಿ ಹಿಡ್ಕೊಂಡಿದ್ದಾರೆ. ನಾನು ಕೊಡೆ ಹಿಡಿಯೋದು ಬಲಗೈಲಿ.”